ಊರಿಗೆಲ್ಲ ಒಂದೇ ಚೀಲ

ನನ್ನ ಬಾಯಿ ಸರಿಯಿಲ್ಲ ಎಂದು ಹಮಾಸೆಯ ಪೇಟೆಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಿಶಿಗಾಕಿ ಬ್ರೆಡ್ಡಂಗಡಿಯಲ್ಲಿ ಬ್ರೆಡ್ಡು ಮೆತ್ತಗೆ, ಗಲ್ಲಾದಲ್ಲಿ ಕೂತ ಈ ಇಕುಯೊ, ಅಂದರೆ ನಾನು, ಮಾತ್ರ ಕಗ್ಗಲ್ಲು ಅಂತೆ. ಅಂದುಕೊಳ್ಳಲಿ. ಅಣ್ಣ ಶಿಗೆಹಾರು ಒಲೆಯ ಮುಂದೆ, ಅವನ ಹೆಂಡತಿ ಫುಸಾಯೆ ಹಿಟ್ಟಿನ ಮುಂದೆ, ಇಬ್ಬರೂ ಇರುವೆಗೂ ದಾರಿ ಬಿಟ್ಟು ನಡೆಯುವ ಪೈಕಿ. ಜೋರಿನವಳು ಒಬ್ಬಳಾದರೂ ಇರದಿದ್ದರೆ ಆ ಅಂಗಡಿ ಎಂದೋ ಬಾಗಿಲು ಹಾಕುತ್ತಿತ್ತು.

ಫುಸಾಯೆ ನನಗೆ ಅತ್ತಿಗೆಯಾಗುವುದಕ್ಕೆ ಮೊದಲು ಗೆಳತಿ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅಣ್ಣನನ್ನು ಮದುವೆಯಾಗಿ ಮನೆಗೆ ಬಂದ ಮೇಲೂ ನಾನು ಅವಳನ್ನು ಹೆಸರು ಹಿಡಿದೇ ಕರೆದೆ. ಸಿಟ್ಟು ಬಂದಾಗ ಮಾತ್ರ "ಅತ್ತಿಗೆ" ಎನ್ನುತ್ತಿದ್ದೆ. ಆ ಮಾತು ಕೇಳಿದ ಕೂಡಲೆ ಅವಳು ಕೈಲಿದ್ದ ಕೆಲಸ ಬಿಟ್ಟು, "ಈಗೇನು ತಪ್ಪು ಮಾಡ್ದೆ ತಾಯಿ?" ಎಂದು ಕೇಳುತ್ತಿದ್ದಳು.

ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆ ಕೊಡಬಾರದು ಎಂದು ಸರ್ಕಾರ ಹೇಳಿದ ವರ್ಷ ಅಣ್ಣ ಬಟ್ಟೆಯ ಚೀಲ ಮಾಡಿಸಿದ. ದಪ್ಪ ಬಿಳಿ ಹತ್ತಿಬಟ್ಟೆ, ಭುಜಕ್ಕೆ ಏರಿಸುವಷ್ಟು ಉದ್ದದ ಹಿಡಿ, ಮೇಲೆ ಕಂದು ಬಣ್ಣದಲ್ಲಿ ಬ್ರೆಡ್ಡುಗಳ ಚಿತ್ರ. ಬರೆದವನು ಅವನೇ. ಒಲೆ ಆರಿದ ಮೇಲೆ ಹಿಟ್ಟು ನಾದುವ ಹಲಗೆಯ ಮೇಲೆ ಕಾಗದ ಹರಡಿ, ನಾಲಿಗೆಯನ್ನು ತುಟಿಯಾಚೆ ಚಾಚಿಕೊಂಡು ಸ್ಕೂಲು ಹುಡುಗನಂತೆ ಕೂತು ಬರೆದ. ನೆತ್ತಿಯ ಮೇಲೆ ಗಸಗಸೆ ಅಂಟಿದ ಹೂರಣದ ಬನ್ನು, ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಖರಬೂಜದ ಸುಳಿವಿಲ್ಲದ ಮೆಲನ್ ಬನ್ನು, ಕೈಗವಸಿನ ಆಕಾರದ ಕ್ರೀಮ್ ಬನ್ನು, ಮಸಾಲೆ ತುಂಬಿ ಎಣ್ಣೆಯಲ್ಲಿ ಕರಿದದ್ದು, ಬೆಳಗಿನ ತಿಂಡಿಗೆ ದಪ್ಪಗೆ ಕತ್ತರಿಸಿಕೊಡುವ ಚೌಕದ ಬ್ರೆಡ್ಡು. ಎಲ್ಲದರ ನಡುವೆ, ಎಲ್ಲದಕ್ಕಿಂತ ದೊಡ್ಡದಾಗಿ ಶಾಲೆ ಮಕ್ಕಳ ಕೊಪ್ಪೆ ಬ್ರೆಡ್ಡು. ಉದ್ದಕ್ಕೆ, ತುದಿ ಮೊಂಡಾಗಿ, ಯಾವ ಬಿಂಕವೂ ಇಲ್ಲದ್ದು.

"ಇದೇನೋ ಅಣ್ಣ, ಬ್ರೆಡ್ಡೋ ದೋಣಿಯೋ?" ಎಂದೆ.

"ಊರಲ್ಲಿ ಎಲ್ರೂ ಇದನ್ನ ತಿಂದೇ ಬೆಳೆದಿದ್ದು ಕಣೆ. ದೊಡ್ಡದಿರ್ಲಿ ಬಿಡು."

ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಕೊಟ್ಟೆವು. ಹಮಾಸೆಯವರಿಗೆ ಅದರ ಮೇಲೆ ಎಂಥ ಮೋಹ ಹತ್ತಿತೆಂದರೆ, ಬ್ರೆಡ್ಡಿಗೆ ಮಾತ್ರವಲ್ಲ, ಈರುಳ್ಳಿ ದಂಟಿಗೂ ಅದೇ ಚೀಲ, ಊರಿನ ಸಾರ್ವಜನಿಕ ಸ್ನಾನದ ಮನೆಗೆ ಒಯ್ಯುವ ಟವೆಲಿಗೂ ಅದೇ ಚೀಲ, ದೇವಸ್ಥಾನಕ್ಕೂ ಅದೇ ಚೀಲ. ಬೀದಿಯಲ್ಲಿ ನಿಂತು ನೋಡಿದರೆ ಭುಜಭುಜಕ್ಕೂ ನಮ್ಮ ಬ್ರೆಡ್ಡು ತೂಗುತ್ತಿತ್ತು. ಅಣ್ಣ ಗಾಜಿನ ಒಳಗಿನಿಂದ ನೋಡಿ ಹಿಗ್ಗುತ್ತಿದ್ದ. ನನಗೂ ಖುಷಿಯಾಗುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ.

ಶಾಲೆ ಇದ್ದದ್ದು ಗುಡ್ಡದ ಮೇಲೆ. ಮಧ್ಯಾಹ್ನದ ಊಟಕ್ಕೆ ಕೊಪ್ಪೆ ಬ್ರೆಡ್ಡು ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು. ಅಪ್ಪ ಕೈಗಾಡಿಯಲ್ಲಿ ಒಯ್ದ, ಅಣ್ಣ ವ್ಯಾನಿನಲ್ಲಿ ಒಯ್ದ. ಅಡುಗೆಮನೆಯ ಹಿಂದೆ ಸಾಮಾನು ಇಳಿಸುವ ಕಟ್ಟೆ, ಅದಕ್ಕೊಂದು ತಗಡಿನ ಮಾಡು. ಉಳಿದವರೆಲ್ಲ, ಹಾಲಿನವನು, ತರಕಾರಿಯವನು, ಸಾಮಾನು ಇಟ್ಟು ಗಂಟೆ ಒತ್ತಿ ಹೊರಟುಬಿಡುತ್ತಿದ್ದರು. ಅಣ್ಣ ಮಾತ್ರ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ. ಬಡಿಸುವ ಸರದಿಯ ಮಕ್ಕಳು ಬಿಳಿ ಟೋಪಿ, ಬಿಳಿ ಅಂಗಿ ಹಾಕಿಕೊಂಡು ಒಳಬಾಗಿಲಿನಿಂದ ಬಂದು, ಸಾಲಾಗಿ ನಿಂತು, ತಲೆಬಾಗಿ, "ಬ್ರೆಡ್ ಮಾಮಾ, ತಗೊಳ್ತೀವಿ!" ಎಂದು ಕೂಗಬೇಕು. ಆಮೇಲೇ ಅವನು ಏಳುವುದು. ಪಡೆಯುವವರ ಮುಖ ನೋಡದೆ ಬ್ರೆಡ್ಡು ಬಿಟ್ಟು ಬರಬಾರದು ಎಂದು ಅಪ್ಪ ಹೇಳಿದ್ದನಂತೆ. ಅಪ್ಪ ನನಗೂ ಬೇಕಾದಷ್ಟು ಹೇಳಿದ್ದ, ನಾನು ಯಾವುದನ್ನೂ ಅಷ್ಟು ಹಚ್ಚಿಕೊಳ್ಳಲಿಲ್ಲ.

ಇತ್ತ ಅಂಗಡಿಯಲ್ಲಿ ಗಿರಾಕಿಗಳು ಸಾಲು ನಿಂತಿರುತ್ತಿದ್ದರು. ಫುಸಾಯೆ ಅವನನ್ನು ಗದರಿದ್ದು ನಾನು ಕೇಳಿದ್ದು ಆ ಒಂದು ವಿಷಯಕ್ಕೇ. "ರೀ, ಕಾಯ್ಕೊಂಡು ಕೂರ್ಬೇಡಿ. ಇಟ್ಟು ಬಂದ್ಬಿಡಿ," ಎಂದು ವ್ಯಾನಿನ ಕಿಟಕಿಗೆ ಬಂದು ದಿನಾ ಹೇಳುತ್ತಿದ್ದಳು. ಅವನು ದಿನಾ "ಹೂಂ" ಎನ್ನುತ್ತಿದ್ದ. ದಿನಾ ಕಾದು ಕೂತೇ ಬರುತ್ತಿದ್ದ.

ಮಕ್ಕಳು ಕಡಿಮೆಯಾಗುತ್ತ ಬಂದು ಕೊನೆಗೆ ಶಾಲೆಯನ್ನೇ ಮುಚ್ಚಿದರು. ಅದಾಗಿ ಕೆಲವು ವರ್ಷಕ್ಕೆ ಅಣ್ಣನ ನೆನಪು ಕೈಕೊಡಲು ಶುರುವಾಯಿತು. ಮೊದಲು ಗಿರಾಕಿಗಳ ಹೆಸರು ಹೋಯಿತು, ಆಮೇಲೆ ವಾರ, ತಿಂಗಳು ಹೋದವು. ಒಂದು ದಿನ ನನ್ನ ಮುಂದೆ ನಿಂತು, "ತಾವು ಎಷ್ಟು ದಿನದಿಂದ ಇಲ್ಲಿ ಕೆಲಸಕ್ಕಿದೀರಿ?" ಎಂದು ಮರ್ಯಾದೆಯಿಂದ ಕೇಳಿದ. "ಹುಟ್ಟಿದಾಗಿಂದ," ಎಂದೆ. ಅವನು ನಕ್ಕ. ನಾನು ಹಿಂದಿನ ಉಗ್ರಾಣಕ್ಕೆ ಹೋಗಿ ಮೈದಾ ಮೂಟೆಯ ಮೇಲೆ ಕೂತು ಅತ್ತೆ.

ಕೈ ಮಾತ್ರ ಏನನ್ನೂ ಮರೆಯಲಿಲ್ಲ. ಹಿಟ್ಟಿನ ಉಂಡೆ ಮುಂದಿಟ್ಟರೆ ಸಾಕು, ಒತ್ತಿ, ಮಡಚಿ, ಉರುಳಿಸಿ ಕೊಪ್ಪೆ ಬ್ರೆಡ್ಡು ಮಾಡಿಡುತ್ತಿದ್ದ. ಎಲ್ಲವೂ ಒಂದೇ ಅಳತೆ. ಅವನ ಸಮಾಧಾನಕ್ಕೆಂದು ಫುಸಾಯೆ ದಿನವೂ ಒಂದು ತಟ್ಟೆಯಷ್ಟು ಅವನಿಂದ ಮಾಡಿಸುತ್ತಿದ್ದಳು.

ಫೆಬ್ರವರಿಯ ಆ ಮಧ್ಯಾಹ್ನ ನಾನು ಗಲ್ಲಾದಲ್ಲಿದ್ದೆ, ಫುಸಾಯೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅವಳು ಕೆಳಗೆ ಬಂದು ನೋಡಿದರೆ ಆರಲು ಇಟ್ಟಿದ್ದ ತಟ್ಟೆ ಬರಿದಾಗಿತ್ತು. ಮೊಳೆಯಲ್ಲಿ ಚೀಲವಿಲ್ಲ, ಟೋಪಿಯಿಲ್ಲ, ಹಿಂಬಾಗಿಲು ಅರ್ಧ ತೆರೆದಿದೆ.

ಬೀದಿ ಹುಡುಕಿದೆವು, ಬಂದರು ಹುಡುಕಿದೆವು. ಆಮೇಲೆ ಪೊಲೀಸರನ್ನು ಕರೆದೆವು. ಊರಿನ ಕಂಬಗಳ ಮೇಲಿನ ಧ್ವನಿವರ್ಧಕದಲ್ಲಿ ಹೇಳಿಸುತ್ತೇವೆ, ಗುರುತು ಹೇಳಿ ಎಂದರು. ಫುಸಾಯೆ ತಡವರಿಸದೆ ಹೇಳಿದಳು. ಬೂದು ಕೋಟು, ನೀಲಿ ಟೋಪಿ, ಬ್ರೆಡ್ಡಿನ ಚಿತ್ರಗಳಿರುವ ಬಿಳಿ ಹತ್ತಿ ಚೀಲ. "ಚೀಲ ನೋಡಿದ್ರೆ ಯಾರಿಗಾದ್ರೂ ಗೊತ್ತಾಗತ್ತೆ," ಎಂದು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಎಷ್ಟು ಭರವಸೆ ಇತ್ತೆಂದರೆ, ಅಂಗಡಿಯೊಳಗೆ ಆ ಹೊತ್ತಿಗೆ ನಿಂತಿದ್ದ ಮೂವರು ಹೆಂಗಸರ ಭುಜದ ಮೇಲೂ ಅದೇ ಚೀಲ ಇದ್ದದ್ದು ನಮಗ್ಯಾರಿಗೂ ಕಾಣಲಿಲ್ಲ.

ಧ್ವನಿವರ್ಧಕ ಕೂಗಿದ್ದೇ ತಡ, ಫೋನು ಬಡಿದುಕೊಳ್ಳಲು ಶುರುವಾಯಿತು. ಮೀನುಮಾರುಕಟ್ಟೆಯ ಹತ್ತಿರ ಆ ಚೀಲ ನೋಡಿದೆವು. ಆಸ್ಪತ್ರೆಯ ಮುಂದೆ ನೋಡಿದೆವು. ಸೇತುವೆಯ ಮೇಲೆ ಒಬ್ಬ ಮುದುಕ ಆ ಚೀಲ ಹಿಡಿದು ಹೋಗುತ್ತಿದ್ದ. ಸುಳ್ಳು ಹೇಳಿದವರು ಒಬ್ಬರೂ ಇಲ್ಲ. ಎಲ್ಲರೂ ನೋಡಿದ್ದು ನಿಜ, ಎಲ್ಲರ ಮನೆಯಲ್ಲೂ ಇದ್ದದ್ದು ಅದೇ ಚೀಲ. ಕೊನೆಗೆ ರೈಲು ಸ್ಟೇಷನ್ನಿನವರು ಖಚಿತವಾಗಿ ಹೇಳಿದರು. ಟೋಪಿ ಹಾಕಿದ್ದ ಮುದುಕರೊಬ್ಬರು ಆ ಚೀಲದೊಂದಿಗೆ ಮಧ್ಯಾಹ್ನದ ರೈಲು ಹತ್ತಿ ಪೂರ್ವಕ್ಕೆ ಹೋದರು ಎಂದು.

ಸರಿ, ಪೊಲೀಸರು, ಅಗ್ನಿಶಾಮಕ ದಳದವರು, ಪೇಟೆಯ ಗಂಡಸರು ಎಲ್ಲರೂ ರೈಲು ಹಳಿಯ ಗುಂಟ ಪೂರ್ವಕ್ಕೆ ಹೊರಟರು. ನಾನು ಒಬ್ಬನ ತೋಳು ಹಿಡಿದು ನಿಲ್ಲಿಸಿ, "ಗುಡ್ಡದ ಶಾಲೆ ನೋಡಿದ್ರೇನ್ರೀ?" ಎಂದು ಕೇಳಿದೆ.

"ನೋಡಿದ್ವಿ ಅಕ್ಕಾ. ಗೇಟಿಗೆ ಸರಪಳಿ ಹಾಕಿದೆ. ಕೂಗಿದ್ವಿ, ಯಾರೂ ಓಗೊಡ್ಲಿಲ್ಲ. ಅಲ್ದೆ ರೈಲು ಹತ್ತಿದ್ದು ನೋಡಿದಾರಲ್ಲ."

ಬ್ರೆಡ್ಡಿನ ವ್ಯಾನು ಮುಂದಿನ ಗೇಟಿನಿಂದ ಎಂದೂ ಹೋದದ್ದಲ್ಲ, ಹಿಂದೆ ಬಿದಿರುಮೆಳೆಯ ಪಕ್ಕದಿಂದ ದಾರಿಯಿದೆ ಎಂದು ಹೇಳುವಷ್ಟರಲ್ಲಿ ಅವನು ಜೀಪು ಹತ್ತಿಯಾಗಿತ್ತು. ರೈಲು ಹತ್ತಿದ ಸುದ್ದಿ ನನ್ನ ಬಾಯನ್ನೂ ಕಟ್ಟಿತ್ತು. ಸಂಜೆಗೆ ಹಿಮ ಶುರುವಾಗಿ ಒಂದೇ ಸಮನೆ ಸುರಿಯಿತು. ಬೆಳಗಾಗುವುದರೊಳಗೆ ಗುಡ್ಡ, ದಾರಿ, ಹೆಜ್ಜೆ ಯಾವುದೂ ಉಳಿದಿರಲಿಲ್ಲ.

ಮರುದಿನ ಬೆಳಗ್ಗೆ ಫುಸಾಯೆ ಊಟದ ಮೇಜಿನಲ್ಲಿ ಅಣ್ಣನ ಜಾಗಕ್ಕೆ ತಟ್ಟೆ ಇಟ್ಟಳು. ಬೆಣ್ಣೆ ಸವರಿದ ಕೊಪ್ಪೆ ಬ್ರೆಡ್ಡು, ಪಕ್ಕದಲ್ಲಿ ಮುಚ್ಚಳವಿರುವ ಬಟ್ಟಲಿನಲ್ಲಿ ಬಿಸಿ ಹಾಲು. ದೂರ ಹೋದವರ ಸುದ್ದಿಯಿಲ್ಲದಾಗ ಹೀಗೆ ಅವರ ಪಾಲು ಬಡಿಸಿಡುವುದು ನಮ್ಮ ಅಜ್ಜಿಯಂದಿರ ರೂಢಿ. ಮುಚ್ಚಳ ತೆರೆದಾಗ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಹೋದವರು ಕ್ಷೇಮ. ಸತ್ತವರಿಗೆ ಇಡುವುದು ಬೇರೆ, ಅದು ಹಿರಿಯರ ಪೂಜಾಗೂಡಿನ ಮುಂದೆ. ಫುಸಾಯೆ ಇಟ್ಟದ್ದು ಮೇಜಿನ ಮೇಲೆ.

ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ಎತ್ತಿ ನನಗೆ ತೋರಿಸಿದಳು. "ನೋಡು, ಹನಿ ಇದೆ."

ಬಿಸಿ ಹಾಲಿಗೆ ಮುಚ್ಚಳ ಹಾಕಿದರೆ ಹನಿ ಕಟ್ಟದೆ ಇನ್ನೇನು ಮುತ್ತು ಕಟ್ಟುತ್ತದೆಯೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹಾಗೇ ವಾರ ಕಳೆಯಿತು. ಒಂದು ಬೆಳಗ್ಗೆ ಗಿರಾಕಿಗಳ ಗದ್ದಲದಲ್ಲಿ ಹಾಲು ಉಗುರುಬೆಚ್ಚಗಾಗಿತ್ತು, ಮುಚ್ಚಳ ಒಣಗಿತ್ತು. ಅವಳ ಮುಖ ಬೂದಿಯಾಯಿತು. ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಬೆರಳಿನಿಂದ ಒಳಗೆ ಸವರಿದಳು. ಮರುದಿನದಿಂದ ಹಾಲು ಕಾಯಿಸುವುದನ್ನು ನಾನು ವಹಿಸಿಕೊಂಡೆ. ಉಕ್ಕುವವರೆಗೆ ಕುದಿಸಿ ತಂದಿಡುತ್ತಿದ್ದೆ.

ಅದೇ ತಿಂಗಳ ಕೊನೆಗೆ ಗಡಿಯಾರ ರಿಪೇರಿಯ ಹೊಸೊಮಿ ಅಂಗಡಿಗೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ಮಂಡಿಯೂರಿದರು. ಕಂಕುಳಲ್ಲಿ ಮಡಚಿದ ಚೀಲ, ನಮ್ಮದೇ.

"ಫುಸಾಯೆಯವ್ರೇ, ಆವತ್ತು ರೈಲು ಹತ್ತಿದ್ದು ನಾನು. ಮಗಳು ಹೆರಿಗೆಗೆ ಬಾ ಅಂದಿದ್ಲು, ಹೋಗಿದ್ದೆ. ನಿನ್ನೆ ಬಂದೆ. ಸ್ಟೇಷನ್ನಿನಲ್ಲಿ ಹಿಂಗಾಯ್ತು ಅಂದ್ರು. ಟೋಪಿ ನಂದು. ಚೀಲ..." ಎನ್ನುತ್ತಲೇ ಹಣೆಯನ್ನು ನೆಲಕ್ಕೆ ಒತ್ತಿಬಿಟ್ಟರು.

ನನಗೆ ತಲೆಯಲ್ಲಿ ಬೆಂಕಿ ಹತ್ತಿತು. "ನಿಮ್ಮನೇಲಿ ಬೇರೆ ಚೀಲ ಇರ್ಲಿಲ್ವಾ? ಆವತ್ತೇ ಹೋಗ್ಬೇಕಿತ್ತಾ? ಈಗ್ಬಂದು ನೆಲ ನೆಕ್ಕಿದ್ರೆ ಅಣ್ಣ ಬರ್ತಾನಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಅನ್ಯಾಯದ ಮಾತು, ನನಗೂ ಗೊತ್ತಿತ್ತು. ಅವರಿಗೆ ಚೀಲ ಕೊಟ್ಟವರು ನಾವೇ ಅಲ್ಲವೇ.

ಫುಸಾಯೆ ಅವರನ್ನು ಎಬ್ಬಿಸಿದಳು. "ಮೊಮ್ಮಗು ಗಂಡೋ ಹೆಣ್ಣೋ?" ಎಂದು ಕೇಳಿದಳು. ಹೆಣ್ಣು ಎಂದರು. ಅವರ ಕೈಯಿಂದ ಚೀಲ ಇಸಿದುಕೊಂಡು, ಒಳಗೆ ನಾಲ್ಕು ಕ್ರೀಮ್ ಬನ್ನು ಹಾಕಿ, ಅವರ ಭುಜಕ್ಕೆ ತಾನೇ ತೂಗುಹಾಕಿ ಕಳಿಸಿದಳು. ಆ ಮನುಷ್ಯ ಬೀದಿಯುದ್ದಕ್ಕೂ ಬಿಕ್ಕುತ್ತ ಹೋದರು.

ಸುದ್ದಿ ಹರಡಿತು. ಮರುದಿನದಿಂದ ಊರಿನಲ್ಲಿ ಆ ಚೀಲ ಮಾಯವಾಯಿತು. ಜನ ಬರಿಗೈಲಿ ಬಂದು ಬ್ರೆಡ್ಡನ್ನು ಎದೆಗವಚಿಕೊಂಡು ಹೋಗುತ್ತಿದ್ದರು. ದುಡ್ಡು ಕೊಟ್ಟು ಪ್ಲಾಸ್ಟಿಕ್ ಚೀಲ ಕೇಳುತ್ತಿದ್ದರು. ನಮಗೆ ನೋವಾಗಬಾರದೆಂದು ಅವರ ಎಣಿಕೆ. ಫುಸಾಯೆ ಕೆಲವು ದಿನ ನೋಡಿ, "ಇವ್ರ ಚೀಲ ಯಾಕೆ ಯಾರೂ ತರ್ತಿಲ್ಲ? ಬೇಡವಾಯ್ತೇನೇ ಊರಿಗೆ?" ಎಂದು ಕೇಳಿದಳು. ಅಣ್ಣ ಹೋದದ್ದೂ ಅಲ್ಲದೆ ಅವನು ಬರೆದ ಚಿತ್ರವೂ ಬೀದಿಯಿಂದ ಅಳಿಸಿಹೋಗಿತ್ತು.

ಪೊಲೀಸರು ಮತ್ತೆ ಊರ ಸುತ್ತ ಹುಡುಕಿದರು. ಬಿದಿರುಮೆಳೆಯ ದಾರಿಯನ್ನು ಈ ಸಲ ಹೇಳಿದೆ, ಆದರೆ ಗುಡ್ಡದಲ್ಲಿ ಹಿಮ ಸೊಂಟದವರೆಗೆ ನಿಂತಿತ್ತು, ಹತ್ತುವ ಹಾಗಿರಲಿಲ್ಲ. ಮೇಜಿನ ಮೇಲೆ ತಟ್ಟೆ ಮಾತ್ರ ತಪ್ಪಲಿಲ್ಲ. ದಿನವೂ ಹನಿ ಕಟ್ಟುತ್ತಿತ್ತು, ದಿನವೂ ಅವಳು ನನಗೆ ತೋರಿಸುತ್ತಿದ್ದಳು.

ಭೂಕಂಪ ಬಂದರೆ ಊರವರು ಓಡಿ ಸೇರಬೇಕಾದ ಜಾಗ ಆ ಮುಚ್ಚಿದ ಶಾಲೆಯೇ. ವಸಂತದ ಅಣಕು ಕಸರತ್ತಿಗೆ ಮೊದಲು ಅದನ್ನು ಗುಡಿಸುವುದು ವಾಡಿಕೆ. ಹಿಮ ಕರಗಿದ ಮೇಲೆ ಪೊರಕೆ ಹಿಡಿದು ಹೋದ ಗಂಡಸರು ಹಿಂದಿನ ಕಟ್ಟೆಯ ಹತ್ತಿರ ಹೋಗಿ ನಿಂತರಂತೆ. ಒಬ್ಬ ಓಡಿ ಬಂದು ಅಂಗಡಿಯ ಮುಂದೆ ನಿಂತ. ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು.

ಗುರುತು ಹಿಡಿಯಲು ನಾನೇ ಹೋದೆ. ಫುಸಾಯೆಯನ್ನು ಬರಗೊಡಲಿಲ್ಲ. ಚಳಿ ಅವನನ್ನು ಹೆಚ್ಚು ಕೆಡಿಸಿರಲಿಲ್ಲ. ತಗಡಿನ ಮಾಡಿನ ಕೆಳಗೆ, ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮುಖ ಒಳಬಾಗಿಲಿನ ಕಡೆಗೆ. ಬ್ರೆಡ್ಡು ಇಡುವ ಹಲಗೆಯ ಮೇಲೆ ಬ್ರೆಡ್ಡಿಗೆ ಸುತ್ತಿದ್ದ ಕಾಗದವನ್ನು ಕಾಗೆ, ಇಲಿ ಎಳೆದಾಡಿದ ಚೂರುಗಳು ಬಿದ್ದಿದ್ದವು. ಚೀಲವನ್ನು ನೀಟಾಗಿ ಮಡಚಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಮಕ್ಕಳು ಬಂದು ತಲೆಬಾಗದೆ ಅವನು ಏಳುವವನಲ್ಲ. ಬಾಗಿಲಿಗೆ ಹೊರಗಿನಿಂದ ಹಲಗೆ ಹೊಡೆದು ಎಷ್ಟೋ ವರ್ಷವಾಗಿತ್ತು. ಅವನು ಅದನ್ನೇ ನೋಡುತ್ತ ಕೂತಿದ್ದ. ನಾನು ಅವನ ಪಕ್ಕದಲ್ಲಿ ಕೂತು, "ಏಳೋ ಅಣ್ಣ, ಶಾಲೆ ಮುಚ್ಚಿದೆ ಕಣೋ," ಎಂದೆ. ಜೊತೆಗೆ ಬಂದಿದ್ದ ಪೊಲೀಸ್ ಹುಡುಗ ಆಚೆ ತಿರುಗಿ ನಿಂತ.

ಹೋದದ್ದು ಮೊದಲ ರಾತ್ರಿಯೇ ಇರಬೇಕು ಎಂದರು ಡಾಕ್ಟರು. ಅದನ್ನು ನಾನು ಮನೆಯಲ್ಲಿ ಹೇಳಬೇಕಾಯಿತು. ಫುಸಾಯೆ ಮೇಜಿನ ಮುಂದೆ ಕೂತು ಕೇಳಿದಳು. "ಮತ್ತೆ ದಿನಾ ಹನಿ ಕಟ್ತಿತ್ತಲ್ಲೇ?" ಎಂದಳು.

"ಹಾಲು ಬಿಸಿ ಇತ್ತು, ಅತ್ತಿಗೆ."

ಸಿಟ್ಟಿಲ್ಲದೆ ನಾನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಅವಳು ನನ್ನ ಕೈ ಹಿಡಿದುಕೊಂಡಳು. "ಗೊತ್ತು. ಆಮೇಲೆ ಆ ಹಾಲು ಕುಡೀತಿದ್ದೋಳು ನಾನೇ ಅಲ್ವಾ. ನಾಲಿಗೆ ಸುಡ್ತಿತ್ತು. ಗೊತ್ತಿದ್ರೂ ನೋಡ್ಬೇಕು ಅನ್ಸೋದು ಕಣೆ." ಆಮೇಲೆ ಇಬ್ಬರೂ ಮೇಜಿನ ಮೇಲೆ ತಲೆಯಿಟ್ಟು ಅತ್ತೆವು. ಅವಳ ಕೂಗು ಅಷ್ಟು ಜೋರಾಗಿರಬಹುದೆಂದು ನನಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ.

ಪೊಲೀಸರು ಚೀಲ ತಂದುಕೊಟ್ಟರು. ಅವಳು ಮಡಿಕೆ ಬಿಚ್ಚಿ, ಒಳಗೆ ಕೈಹಾಕಿ, ಮೂಲೆಮೂಲೆ ತಡಕಿದಳು. "ಖಾಲಿ ಇದೆ ಇಕುಯೊ. ಒಂದೂ ಉಳಿದಿಲ್ಲ. ಎಲ್ಲಾ ಹೋಗಿದೆ." ಅವಳ ದನಿಯಲ್ಲಿ ಅಂಗಡಿಯವಳ ಸಮಾಧಾನ ಇತ್ತು. ಹಲಗೆಯ ಮೇಲಿನ ಕಾಗದದ ಚೂರುಗಳನ್ನು ನೋಡಿದವಳು ನಾನು. ಊರಿಗೆಲ್ಲ ನೇರ ಮಾತಾಡುವವಳು, "ಹೂಂ, ಒಂದೂ ಉಳಿದಿಲ್ಲ," ಎಂದೆ.

ಅಂತ್ಯಕ್ರಿಯೆಯ ದಿನ ಬೆಳಕು ಹರಿಯುವ ಮೊದಲೇ ಅವಳು ಎದ್ದು ಹಿಟ್ಟು ನಾದಿದಳು. ನಾನು ಒಲೆ ಹೊತ್ತಿಸಿದೆ. ಅವಳು ಉರುಳಿಸಿದ ಕೊಪ್ಪೆ ಬ್ರೆಡ್ಡುಗಳು ಒಂದು ಉದ್ದ, ಒಂದು ಗಿಡ್ಡ. ಅಣ್ಣ ನೋಡಿದ್ದರೆ ನಗುತ್ತಿದ್ದ. ಬಿಸಿ ಆರುವವರೆಗೆ ಕಾದು, ಒಂದೊಂದಕ್ಕೂ ಕಾಗದ ಸುತ್ತಿ, ಆ ಚೀಲ ತುಂಬಿದಳು.

ಕರಿಬಟ್ಟೆ ಉಟ್ಟು ಊರೇ ಬಂದಿತ್ತು. ಹೊಸೊಮಿ ಎಲ್ಲರ ಹಿಂದೆ, ಬಾಗಿಲ ಬಳಿ ನಿಂತಿದ್ದರು. ಒಬ್ಬೊಬ್ಬರಾಗಿ ಶವಪೆಟ್ಟಿಗೆಯೊಳಗೆ ಹೂವಿಟ್ಟು ಸರಿದರು. ಕೊನೆಗೆ ಫುಸಾಯೆ ಮುಂದೆ ಹೋಗಿ ತುಂಬಿದ ಚೀಲವನ್ನು ಅವನ ಕೈಯ ಪಕ್ಕದಲ್ಲಿ ಇಟ್ಟಳು, ಚಿತ್ರ ಮೇಲೆ ಬರುವ ಹಾಗೆ. ಹಿಡಿಯನ್ನು ಅವನ ಬೆರಳಿಗೆ ತಾಗಿಸಿದಳು. ಆಮೇಲೆ ವ್ಯಾನಿನ ಕಿಟಕಿಗೆ ಬಗ್ಗುತ್ತಿದ್ದ ಹಾಗೆಯೇ ಬಗ್ಗಿ, ಅವನ ಕಿವಿಯ ಹತ್ತಿರ ಹೇಳಿದಳು.

"ರೀ, ಇವತ್ತಾದ್ರೂ ಕಾಯ್ಕೊಂಡು ಕೂರ್ಬೇಡಿ. ಇಟ್ಟು ಬಂದ್ಬಿಡಿ."

ಆಮೇಲೆ ಮುಚ್ಚಳ ಹಾಕಿದರು.